ಟ್ವಿನ್ ವಾಸ್ಪ್ ಸ್ಟಾರ್ಟ್ ಆಗೋ ಸದ್ದು ಕೇಳಿದವ್ರು ಇದ್ದೀರಾ? ಹಳೇ ಪಿಸ್ಟನ್ ಇಂಜಿನ್ ನೆನಪುಗಳು

ವಿಮಾನಪುರದ ಹುಡುಗ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಟ್ಟ ಕ್ಲೀನ್ ಮಾಡ್ತಿದ್ದಾಗ ಅಪ್ಪಾಜಿದು ಒಂದು ಹಳೇ ತಗಡಿನ ಡಬ್ಬ ಸಿಕ್ತು, ಒಳಗೆ ಒಂದು ಫೀಲರ್ ಗೇಜು (ಸಣ್ಣ ಸಂದಿ ಅಳೆಯೋ ತೆಳು ಪಟ್ಟಿ), ಎರಡು ಸ್ಪಾರ್ಕ್ ಪ್ಲಗ್ಗು, ಒಂದು ತುಂಡು ಲಾಕಿಂಗ್ ವೈರು. ಪ್ಲಗ್ಗು ಮೂಸಿ ನೋಡಿದ್ರೆ ಇನ್ನೂ ಆ ವಾಸನೆ ಇದೆ ಕಣ್ರೀ, ಸುಟ್ಟ ಎಣ್ಣೆ ಜೊತೆ ಪೆಟ್ರೋಲು ಸೇರಿದ ವಾಸನೆ, ಶಿಫ್ಟ್ ಮುಗಿಸಿ ಅಪ್ಪಾಜಿ ಸೈಕಲ್ ಸ್ಟ್ಯಾಂಡ್ ಹಾಕ್ತಿದ್ದಂಗೆ ಬಾಗಿಲ ತನಕ ಬರ್ತಿತ್ತಲ್ಲ, ಅದೇ. ಅವತ್ತಿಂದ ಬೇರೆ ಏನೂ ತಲೆಗೆ ಹೋಗ್ತಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಅಪ್ಪಾಜಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಸೇರಿದ್ದು 1956ರಲ್ಲಿ, ಇಂಜಿನ್ ಪೂರ್ತಿ ಬಿಚ್ಚಿ ಸರಿಮಾಡೋ ಓವರ್‌ಹಾಲ್ ಶಾಪಿಗೆ. ಮೊದಲ ಹತ್ತು ಹನ್ನೆರಡು ವರ್ಷ ಬರೀ ಪಿಸ್ಟನ್ ಇಂಜಿನ್ನು, ಅದರಲ್ಲೂ ಡಕೋಟಾ ಅನ್ನೋ ಸಾಗಣೆ ವಿಮಾನದ್ದು. ಪ್ರಾಟ್ ಅಂಡ್ ವಿಟ್ನಿ ಆರ್-1830, ಟ್ವಿನ್ ವಾಸ್ಪ್ ಅಂತಾರೆ. ಚಕ್ರದ ಕಡ್ಡಿ ಥರ ಸುತ್ತ ಕೂತಿರೋ ಏಳೇಳು ಸಿಲಿಂಡರಿನ ಎರಡು ಸಾಲು, ಒಟ್ಟು 14, ಒಂದೊಂದಕ್ಕೆ ಎರಡೆರಡು ಪ್ಲಗ್ ಅಂದ್ರೆ ಒಂದು ಇಂಜಿನ್ನಿಗೆ 28 ಪ್ಲಗ್ಗು. 30 ಲೀಟರ್ ಇಂಜಿನ್ನು, 1,200 ಹಾರ್ಸ್‌ಪವರ್. ಈ 28 ಪ್ಲಗ್ ಬಿಚ್ಚಿ, ತೊಳೆದು, ಗ್ಯಾಪ್ ನೋಡಿ, ತಿರುಗಿ ಕೂರಿಸೋದೇ ಹೊಸದಾಗಿ ಸೇರಿದೋರ ಕೆಲಸವಂತೆ, ಮೊದಲ ವರ್ಷ ಪೂರ್ತಿ ಅದನ್ನ ಬಿಟ್ಟು ಬೇರೇನೂ ಕೊಡಲಿಲ್ಲ ಅಂತ ಹೇಳೋರು.

ಒಂದ್ಸಲ ಫ್ಯಾಮಿಲಿ ಡೇ ದಿನ ನನ್ನನ್ನೂ ಕರ್ಕೊಂಡು ಹೋಗಿದ್ರು. ನಂಗೆ ಆರೋ ಏಳೋ ವರ್ಷ. ಸ್ಟಾರ್ಟರ್ ಕುಂಯ್ ಅಂತ ಎಳೆಯುತ್ತೆ, ಪ್ರೊಪೆಲ್ಲರ್ ಒಂದೊಂದೇ ಬ್ಲೇಡು ಸೋಮಾರಿ ಥರ ಮೇಲೆ ಬರುತ್ತೆ, ಏನೂ ಆಗಲ್ಲ, ಏನೂ ಆಗಲ್ಲ, ಆಮೇಲೆ ಎಲ್ಲೋ ಒಂದು ಸಿಲಿಂಡರ್ ಡಬ್ ಅಂತ ಹತ್ತಿಕೊಂಡು ಬೂದಿ ಬಣ್ಣದ ಹೊಗೆ ಉಗುಳುತ್ತೆ, ಮತ್ತೆ ಮೌನ, ಮತ್ತೆ ಎರಡು, ಮತ್ತೆ ನಾಲ್ಕು, ಹಂಗೇ ತಡವರಿಸ್ತಾ ತಡವರಿಸ್ತಾ ಒಂದು ಘಳಿಗೇಲಿ ಹದಿನಾಲ್ಕೂ ಸೇರಿ ಒಂದೇ ತಾಳಕ್ಕೆ ಬಂದುಬಿಡುತ್ತೆ. ನಿಂತಿರೋ ನೆಲ ಅದುರ್ತಿತ್ತು. ನಾನು ಅಪ್ಪಾಜಿ ಪ್ಯಾಂಟ್ ಹಿಡ್ಕೊಂಡಿದ್ದೆ, ಅವರ ಕಾಲೂ ಅದುರ್ತಿತ್ತು.

ಆದ್ರೆ ನಾನು ಹೇಳ್ಬೇಕು ಅಂತ ಬಂದಿದ್ದು ಸದ್ದಿನ ಬಗ್ಗೆ ಅಲ್ಲ. ಒಂದು ಇಂಜಿನ್ ಸರಿಯಾಗಿ ಓಡ್ತಿಲ್ಲ, ಮ್ಯಾಗ್ನೆಟೊ (ಪ್ಲಗ್ಗಿಗೆ ಕಿಡಿ ಕೊಡೋ ಸಾಧನ, ಇಂಜಿನ್ನಿಗೆ ಎರಡು) ಒಂದೊಂದಾಗಿ ಚೆಕ್ ಮಾಡಿದಾಗ ಆರ್‌ಪಿಎಂ ಜಾಸ್ತಿ ಬೀಳ್ತಿದೆ ಅಂದ್ರೆ ಯಾವ ಸಿಲಿಂಡರ್ ಸತ್ತಿದೆ ಅಂತ ಹುಡುಕ್ಬೇಕಲ್ಲ. ಅಪ್ಪಾಜಿ ಆ ಮ್ಯಾಗ್ನೆಟೊ ಮೇಲೇ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸೋಕೆ ಹೇಳಿ, ತಕ್ಷಣ ಏಣಿ ಹತ್ತಿ, ಒಂದು ಲೋಟ ನೀರಲ್ಲಿ ಬೆರಳದ್ದಿ ಒಂದೊಂದೇ ಎಕ್ಸಾಸ್ಟ್ ಪೈಪಿನ ಬುಡಕ್ಕೆ ಚಿಮುಕಿಸ್ತಾ ಹೋಗೋರು, ಅಮ್ಮ ದೋಸೆ ಹೆಂಚಿಗೆ ಚಿಮುಕಿಸಿ ನೋಡ್ತಾರಲ್ಲ ಹಾಗೇ. ಚುಂಯ್, ಚುಂಯ್, ಚುಂಯ್, ಒಂದು ಕಡೆ ಮಾತ್ರ ಹನಿ ಸುಮ್ನೆ ಇಳಿದು ಹೋಗುತ್ತೆ. ಅದೇ ಸಿಲಿಂಡರು. ಪ್ಲಗ್ ಬಿಚ್ಚು ಅನ್ನೋರು. ಈ ಥರದ ವಿದ್ಯೆ ಇದೆಯಲ್ಲ, ಕೈಯಲ್ಲಿ, ಕಿವಿಯಲ್ಲಿ, ಮೂಗಲ್ಲಿ ಇರೋದು, ಇದನ್ನ ನಾವು ಎಲ್ಲೂ ಬರೆದಿಟ್ಟಿಲ್ಲ. ಟರ್ಬೈನು ಬಂತು, ಒಳ್ಳೇದೇ ಆಯ್ತು, ಆದ್ರೆ ಆ ವಿದ್ಯೆ ಗೊತ್ತಿರೋರು ಒಬ್ಬೊಬ್ಬರೇ ಹೋಗ್ತಿದಾರೆ. ಅಪ್ಪಾಜಿಗೆ ಈಗ ಎಂಬತ್ತೆಂಟು ದಾಟಿದೆ. ನಿಮ್ಮಲ್ಲಿ ಯಾರ ಹತ್ರ ಇಂಥ ನೆನಪಿದ್ರೂ ದಯವಿಟ್ಟು ಬರೀರಿ, ಸಣ್ಣದಾದ್ರೂ ಪರ್ವಾಗಿಲ್ಲ.

ಬೆಳ್ಳಂದೂರು ಕೆರೆ ಏರಿ:

ಸಾರ್ ಓದಿ ಮೈ ಜುಂ ಅಂತು. ನೀವು ಟ್ವಿನ್ ವಾಸ್ಪ್ ಹೆಸರು ತಗೊಂಡಿದ್ದಕ್ಕೆ ಒಂದು ಮಾತು ಸೇರಿಸ್ತೀನಿ, ಈ ಒಂದೇ ಇಂಜಿನ್ನಿಗೂ ಬೆಂಗಳೂರಿಗೂ ಇರೋ ನಂಟು ಸಾಮಾನ್ಯದ್ದಲ್ಲ. ಎಚ್‌ಎಎಲ್ ಅನ್ನ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಶುರು ಮಾಡಿದ್ದು 1940ರಲ್ಲಿ, ಯುದ್ಧದ ಟೈಮಲ್ಲಿ ಅಮೆರಿಕದವರು ಅದನ್ನ ರಿಪೇರಿ ಡಿಪೋ ಮಾಡ್ಕೊಂಡ್ರು. ಆಗ ಕ್ಯಾಟಲೀನಾ ಅನ್ನೋ ನೀರಿನ ಮೇಲೆ ಇಳಿಯೋ ವಿಮಾನಗಳು ಬರ್ತಿದ್ದಿದ್ದು ನಮ್ಮ ಬೆಳ್ಳಂದೂರು ಕೆರೆಗೆ! ಕೆರೇಲಿ ಇಳಿದು, ದಡಕ್ಕೆ ಬಂದು, ಕಾರ್ಖಾನೆಗೆ ಹೋಗೋದು. ಅದರ ಎರಡೂ ಇಂಜಿನ್ನು ಇದೇ ಆರ್-1830. ಇವತ್ತು ಆ ಕೆರೆ ಏರಿ ಮೇಲೆ ನಿಂತು ಟ್ರಾಫಿಕ್ ನೋಡುವಾಗೆಲ್ಲ ನಂಗೆ ಇದೇ ನೆನಪಾಗೋದು.

ಇನ್ನೊಂದು, ಲಿಬರೇಟರ್ ಬಾಂಬರ್‌ಗಳ ಕಥೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ನೂರಾರು ಲಿಬರೇಟರ್‌ಗಳನ್ನ ಬೇಕಂತಲೇ ಹಾಳು ಮಾಡಿ, ಇನ್ಯಾರೂ ಉಪಯೋಗಿಸಬಾರದು ಅಂತ ಬಿಟ್ಟು ಹೋಗಿದ್ರು. 1948ರಲ್ಲಿ ಎಚ್‌ಎಎಲ್‌ನವರು ಅದರಲ್ಲಿ ಇದ್ದಿದ್ದರಲ್ಲಿ ಚೆನ್ನಾಗಿರೋದನ್ನ ಆರಿಸಿ, ಅಲ್ಲೇ ಹಾರೋ ಅಷ್ಟು ಮಾತ್ರ ರಿಪೇರಿ ಮಾಡಿ, ಪೈಲಟ್ ಜಮ್‌ಶೆಡ್ ಮುನ್ಷಿ ಅವರು ಅವನ್ನ ಬೆಂಗಳೂರಿಗೆ ಹಾರಿಸಿಕೊಂಡು ಬಂದ್ರು. ಇಲ್ಲಿ ಪೂರ್ತಿ ಸರಿಮಾಡಿ ವಾಯುಪಡೆಗೆ ಕೊಟ್ರು, 1968ರ ತನಕ ಹಾರಿದ್ವು. ಪ್ರಪಂಚದಲ್ಲಿ ಇವತ್ತು ಉಳಿದಿರೋ ಲಿಬರೇಟರ್‌ಗಳಲ್ಲಿ ಹಲವು ನಮ್ಮ ವಾಯುಪಡೆಯಿಂದ ಹೋಗಿದ್ದೇ, ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ಇದ್ದದ್ದೂ ಸೇರಿ. ಒಂದೊಂದಕ್ಕೆ ನಾಲ್ಕು ಇಂಜಿನ್ನು, ನಾಲ್ಕೂ ಮತ್ತೆ ಇದೇ ಟ್ವಿನ್ ವಾಸ್ಪು. ಗುಜರಿ ರಾಶಿಯಿಂದ ಎದ್ದು ಬಂದ ಇಂಜಿನ್ನುಗಳನ್ನ ಇಪ್ಪತ್ತು ವರ್ಷ ಓಡಿಸಿದ್ರು ಅಂದ್ರೆ ನಿಮ್ಮ ತಂದೆಯಂಥವರ ಕೈಯೇ ಕಾರಣ.

ಪಣಂಬೂರು ಗಾಳಿ:

ಮಾರಾಯ್ರೆ ಇದು ಚಂದದ ಥ್ರೆಡ್ ಉಂಟು. ನನ್ನದೊಂದು ಡೌಟು, ಏಳೇಳು ಯಾಕೆ? ಎಂಟೆಂಟು ಇಟ್ರೆ ಆಗುದಿಲ್ವಾ? ನಾನು ನೋಡಿದ, ಹೀಗೆ ಸುತ್ತ ಸಿಲಿಂಡರ್ ಇರುವ ರೇಡಿಯಲ್ ಇಂಜಿನ್ ಎಲ್ಲ ಐದು, ಏಳು, ಒಂಬತ್ತು, ಹೀಗೇ ಬೆಸ ಸಂಖ್ಯೆಯೇ.

ಹಳೇ ಏರ್‌ಮನ್:

ಒಳ್ಳೇ ಪ್ರಶ್ನೆ. ನಾಲ್ಕು ಸ್ಟ್ರೋಕಿನ ಇಂಜಿನ್ ಆದ್ದರಿಂದ ಕ್ರ್ಯಾಂಕು (ಪಿಸ್ಟನ್‌ಗಳು ತಿರುಗಿಸೋ ನಡುವಿನ ದಂಡ) ಎರಡು ಸುತ್ತು ಹೊಡೆದಾಗ ಪ್ರತಿ ಸಿಲಿಂಡರೂ ಒಂದೇ ಸಲ ಉರಿಯಬೇಕು. ಊಟದ ಪಂಕ್ತಿ ಗುಂಡಗೆ ಕೂತಿದೆ ಅಂದ್ಕೊಳ್ಳಿ, ನೀವು ಒಬ್ಬರನ್ನ ಬಿಟ್ಟು ಒಬ್ಬರಿಗೆ ಬಡಿಸ್ತಾ ಹೋಗ್ತೀರಿ. ಏಳು ಜನ ಇದ್ರೆ 1, 3, 5, 7, ಮುಂದೆ ಸುತ್ತು ದಾಟಿ 2, 4, 6, ಮತ್ತೆ 1ಕ್ಕೆ ಬಂದ್ರಿ, ಎರಡು ಸುತ್ತಲ್ಲಿ ಎಲ್ಲರಿಗೂ ಸಮನಾಗಿ ಒಂದೊಂದು ಸಲ ಬಡಿಸಿ ಆಯ್ತು. ಎಂಟು ಜನ ಇದ್ರೆ 1, 3, 5, 7 ಆದಮೇಲೆ ಮತ್ತೆ 1ಕ್ಕೇ ಬರ್ತೀರಿ, ಸಮ ಸಂಖ್ಯೆಯವರಿಗೆ ಊಟವೇ ಇಲ್ಲ. ಅಷ್ಟೇ ಗುಟ್ಟು. ಆ ಬಿಟ್ಟು ಬಿಟ್ಟು ಉರಿಯೋದ್ರಿಂದಲೇ ಆ ಡುಗುಡುಗು ಲಯ ಬರೋದು. ಇನ್ನೂ ದೊಡ್ಡದಾಗಿ ಬೇಕು ಅಂದ್ರೆ ಸಾಲಿನ ಹಿಂದೆ ಸಾಲು ಇಡ್ತಾರೆ. ಪ್ರಾಟ್ ಅಂಡ್ ವಿಟ್ನಿಯವರು ಏಳೇಳರ ನಾಲ್ಕು ಸಾಲು ಇಟ್ಟು 28 ಸಿಲಿಂಡರಿನ ವಾಸ್ಪ್ ಮೇಜರ್ ಮಾಡಿದ್ರು, ನೋಡೋಕೆ ಥೇಟ್ ಮುಸುಕಿನ ಜೋಳದ ತೆನೆ, ಅದರ ಅಡ್ಡಹೆಸರೂ ಅದೇ.

ಕಾಂಪ್ರೆಸರ್ ಬ್ಲೇಡ್:

ನಾನು ಎಟಿಆರ್ ಅನ್ನೋ ಸಣ್ಣ ಪ್ರಯಾಣಿಕ ವಿಮಾನದ ಮೇಲೆ ಕೆಲಸ ಮಾಡೋ ಮೇಂಟೆನೆನ್ಸ್ ಇಂಜಿನಿಯರು. ಥ್ರೆಡ್ ತುಂಬಾ ಇಷ್ಟ ಆಯ್ತು, ಆದ್ರೂ ಇನ್ನೊಂದು ಕಡೇನೂ ಹೇಳಲೇಬೇಕು, ಬೇಜಾರ್ ಮಾಡ್ಕೋಬೇಡಿ.

ಬೆಂಗಳೂರಿಂದ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗೋ ಎಟಿಆರ್‌ನಲ್ಲಿರೋದು ಪಿಡಬ್ಲ್ಯು127 ಟರ್ಬೊಪ್ರಾಪು, ಅಂದ್ರೆ ಪ್ರೊಪೆಲ್ಲರ್ ತಿರುಗಿಸೋ ಟರ್ಬೈನು, ಅದನ್ನ ಮಾಡಿದ್ದೂ ಪ್ರಾಟ್ ಅಂಡ್ ವಿಟ್ನಿಯ ಕೆನಡಾ ಶಾಖೆಯೇ. ತೂಕ 500 ಕಿಲೋ ಒಳಗೆ, ಟ್ವಿನ್ ವಾಸ್ಪಿಗಿಂತ ಕಮ್ಮಿ, ಶಕ್ತಿ ಎರಡು ಪಟ್ಟು. ಪಿಸ್ಟನ್ನು ಮೇಲೆ ಹೋಗಿ ನಿಂತು ಕೆಳಗೆ ಬಂದು ನಿಂತು ಮಾಡೋ ಕೆಲಸವನ್ನ ಇದು ಸುಮ್ನೆ ಸುತ್ತುತ್ತಾ ಮಾಡುತ್ತೆ, ಬಡಿದಾಟ ಇಲ್ಲ, ಅದರುವಿಕೆ ಇಲ್ಲ, ಅದಕ್ಕೇ ಅಷ್ಟು ದಿನ ಬಾಳಿಕೆ ಬರೋದು. ಪಿಸ್ಟನ್ ಏರ್‌ಲೈನರ್ ಕಾಲದಲ್ಲಿ ಹಾರ್ತಾ ಹಾರ್ತಾ ಒಂದು ಇಂಜಿನ್ ಆಫ್ ಮಾಡಿ ಪ್ರೊಪೆಲ್ಲರ್ ಫೆದರ್ ಮಾಡೋದು (ಗಾಳಿಗೆ ಅಡ್ಡ ಬರದಂಗೆ ಬ್ಲೇಡ್ ತಿರುಗಿಸೋದು) ದೊಡ್ಡ ಸುದ್ದಿಯೇ ಅಲ್ಲ. ಈಗಿನ ಪೈಲಟ್‌ಗಳಲ್ಲಿ ಎಷ್ಟೋ ಜನ ಸಿಮ್ಯುಲೇಟರ್ ಬಿಟ್ಟು ಹೊರಗೆ ಒಂದು ಸಲವೂ ಇಂಜಿನ್ ಫೇಲ್ ನೋಡದೆ ರಿಟೈರ್ ಆಗ್ತಾರೆ. ಹೊಸ ಪೈಲಟ್ ಹುಡುಗರು ಕಲೀತಿದ್ದ ನಮ್ಮ ವಾಯುಪಡೆಯ ಎಚ್‌ಪಿಟಿ-32 ದೀಪಕ್ ನೆನಪಿಸ್ಕೊಳ್ಳಿ, ಲೈಕಮಿಂಗ್ ಪಿಸ್ಟನ್ ಇಂಜಿನ್ನು, ಎಷ್ಟು ಸಲ ಗಾಳಿಯಲ್ಲೇ ನಿಂತುಹೋಯ್ತು, ಎಷ್ಟು ಜನ ಹೋದ್ರು, ಕೊನೆಗೆ 2009ರಲ್ಲಿ ಹಾರಿಸೋದನ್ನೇ ನಿಲ್ಲಿಸಿದ್ರು. ಆಮೇಲೆ ಬಂದ ಪಿಲಾಟಸ್ ಟರ್ಬೈನು, ಈಗ ಎಚ್‌ಎಎಲ್‌ನ ಎಚ್‌ಟಿಟಿ-40 ಕೂಡ ಟರ್ಬೈನೇ. ಆ ಹುಡುಗರ ಅಪ್ಪ ಅಮ್ಮಂದಿರಿಗೆ ಸದ್ದು ಚಂದ ಇತ್ತು ಅಂತ ಹೇಳೋಕಾಗುತ್ತಾ? ಈ ಮಾತು ನಾನು ತುಂಬಾ ಮನಸ್ಸಿಟ್ಟು ಹೇಳ್ತಿದೀನಿ.

ಹಳೇ ಏರ್‌ಮನ್:

ಆ ಮಾತು ನೂರಕ್ಕೆ ನೂರು ಸರಿ ತಮ್ಮಾ, ನಾನು ಒಪ್ತೀನಿ. ನಾನು ಸರ್ವೀಸಲ್ಲಿದ್ದಿದ್ದು ವಾಯುಪಡೆಯ ಫೇರ್‌ಚೈಲ್ಡ್ ಪ್ಯಾಕೆಟ್ ಸಾಗಣೆ ವಿಮಾನದ ಮೇಲೆ, ಎಪ್ಪತ್ತರ ದಶಕ. ರೈಟ್ ಆರ್-3350 ಇಂಜಿನ್ನು, ಒಂಬತ್ತೊಂಬತ್ತರ ಎರಡು ಸಾಲು, 18 ಸಿಲಿಂಡರು, 36 ಪ್ಲಗ್ಗು. ಎಣ್ಣೆ ಸೋರ್ತಿದ್ರೆ ನಮಗೆ ಸಮಾಧಾನ, ಸೋರ್ತಿಲ್ಲ ಅಂದ್ರೆ ಒಳಗೆ ಎಣ್ಣೆ ಇದೆಯಾ ನೋಡು ಅನ್ನೋರು ಸೀನಿಯರ್‌ಗಳು.

ಲೇಹ್ ಏರ್‌ಫೀಲ್ಡ್ ಇರೋದು ಹತ್ತು ಸಾವಿರ ಅಡಿಗೂ ಮೇಲೆ. ಅಲ್ಲಿ ಗಾಳಿ ತೆಳು, ಪಿಸ್ಟನ್ ಇಂಜಿನ್ನಿಗೆ ಉಸಿರು ಸಾಲಲ್ಲ. ಗಾಳಿ ಒತ್ತಿ ಒಳಗೆ ತುಂಬೋ ಸೂಪರ್‌ಚಾರ್ಜರ್ ಇದ್ರೂ ಲೋಡ್ ತುಂಬಿ ಏರೋದು ಕಷ್ಟ, ಒಂದು ಇಂಜಿನ್ ಕೈಕೊಟ್ರೆ ಸುತ್ತಲೂ ಗುಡ್ಡ, ದೇವರೇ ಗತಿ. ಅದಕ್ಕೆ ನಮ್ಮೋರು ಏನ್ ಮಾಡಿದ್ರು ಗೊತ್ತಾ, ಬೆಂಗಳೂರಲ್ಲಿ ಎಚ್‌ಎಎಲ್ ಮಾಡ್ತಿದ್ದ ಆರ್ಫಿಯಸ್ ಜೆಟ್ ಇಂಜಿನ್ ಒಂದನ್ನ ಪ್ಯಾಕೆಟ್‌ನ ಬೆನ್ನ ಮೇಲೆ ಕೂರಿಸಿಬಿಟ್ರು. ಅಂದ್ರೆ ಎರಡು ಪಿಸ್ಟನ್ನು, ಮೇಲೊಂದು ಜೆಟ್ಟು, ಒಂದೇ ವಿಮಾನದಲ್ಲಿ. ಟೇಕಾಫ್ ಟೈಮಲ್ಲಿ ಒಳಗೆ ನಿಂತಿದ್ರೆ ಎರಡೂ ಪಕ್ಕದಿಂದ ತಮಟೆ ಥರ ಎದೆಗೆ ಹೊಡೀತಿತ್ತು, ತಲೆ ಮೇಲಿಂದ ಆರ್ಫಿಯಸ್ ಕಿರ್‌ರ್ ಅಂತ ಕೂಗ್ತಿತ್ತು. ನನ್ನ ಮಟ್ಟಿಗೆ ಹೇಳ್ಬೇಕು ಅಂದ್ರೆ ಆ ತಮಟೆ ಕೇಳಿದ್ರೆ ಧೈರ್ಯ, ಆದ್ರೆ ಗುಡ್ಡ ದಾಟಿಸ್ತಿದ್ದದ್ದು ಮೇಲಿನ ಜೆಟ್ಟು. ಎರಡಕ್ಕೂ ನಾನು ಋಣಿ.

ಪ್ರತಿ ದಿನ ಬೆಳಿಗ್ಗೆ ಮೊದಲ ಕೆಲಸ ಪ್ರೊಪೆಲ್ಲರ್ ಎಳೆಯೋದು. ರಾತ್ರಿ ಪೂರ್ತಿ ನಿಂತಿದ್ರೆ ಎಣ್ಣೆ ಇಳಿದು ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿಕೊಂಡಿರುತ್ತೆ. ಎಣ್ಣೆಯನ್ನ ಗಾಳಿ ಥರ ಅದುಮೋಕಾಗಲ್ಲ, ಹಂಗೇ ಸ್ಟಾರ್ಟ್ ಮಾಡಿದ್ರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತೆ, ಇಲ್ಲಾ ಸಿಲಿಂಡರೇ ಕಿತ್ತು ಬರುತ್ತೆ. ಅದಕ್ಕೆ ಮೂರು ನಾಲ್ಕು ಜನ ಸಾಲಾಗಿ ನಿಂತು ಒಬ್ಬರ ಹಿಂದೊಬ್ಬರು ಬ್ಲೇಡ್ ಎಣಿಸ್ತಾ ಕೈಯಲ್ಲಿ ತಿರುಗಿಸೋದು. ಚಂಡೀಗಢದ ಚಳಿಯಲ್ಲಿ ಬೆರಳು ಮರಗಟ್ಟಿರೋದು. ಈಗ ಎಪ್ಪತ್ತು ದಾಟಿದೆ, ಆ ಬ್ಲೇಡಿನ ತಣ್ಣನೆ ಅಂಗೈಯಲ್ಲಿ ಇನ್ನೂ ಇದೆ.

ಕಲಬುರಗಿ ಕೆಡೆಟ್:

ಎಲ್ಲಾರಿಗೂ ಶರಣು. ನೀವೆಲ್ಲಾ ಪಿಸ್ಟನ್ ಹಳೇದು ಹಳೇದು ಅಂತೀರಿ, ನಾ ಇವತ್ತ ಮುಂಜಾನೇನೂ ಪಿಸ್ಟನ್ ಹಾರಿಸೇ ಬಂದೀನ್ರಿ! ಟ್ರೇನಿಂಗಿನ್ಯಾಗ ಸೆಸ್ನಾ 172, ಲೈಕಮಿಂಗ್ ನಾಲ್ಕು ಸಿಲಿಂಡರಿಂದು, 180 ಹಾರ್ಸ್‌ಪವರ್. ಹಾರೂದಕ್ಕಿಂತ ಮೊದಲ ಟ್ಯಾಂಕ್ ಕೆಳಗಿಂದ ಸಣ್ಣ ಕಪ್ಪಿನ್ಯಾಗ ಪೆಟ್ರೋಲ್ ಹಿಡದು ಬೆಳಕಿಗೆ ಎತ್ತಿ ನೋಡ್ತೀವಿ, ತಿಳಿ ನೀಲಿ ಇರಬೇಕು, ನೀರು ಕಸ ಇರಬಾರದು. ಆ ನೀಲಿ ಬಣ್ಣ ಅಂದ್ರ 100ಎಲ್‌ಎಲ್ ಆವ್‌ಗ್ಯಾಸ್, ಪಿಸ್ಟನ್ ವಿಮಾನದ ಪೆಟ್ರೋಲ್, ಅಂತ ಗುರ್ತು. ಅದ್ರಾಗ ಸೀಸ ಐತಿ, ಅದೊಂದು ತ್ರಾಸೇ ಬಿಡ್ರಿ, ಮೈಗೆ ಚಲೋ ಅಲ್ಲ, ಪ್ಲಗ್ಗಿಗೂ ಚಲೋ ಅಲ್ಲ. ಮೊದಲ ಎಲ್ಲಾ ಹೊರಗಿಂದ ತರಸ್ತಿದ್ರು, 2022ರಿಂದ ಇಂಡಿಯನ್ ಆಯಿಲ್‌ನವರು ವಡೋದರಾದಾಗ ಮಾಡಾಕ ಹತ್ಯಾರ.

ಎಪ್ರಿಲ್ ಬಿಸಲಾಗ ನಮ್ಮ ಕಡೆ ಒಂದ ಆಟ ಐತಿ, ಒಂದ್ ಸಾರ್ಟಿ (ಒಂದು ಹಾರಾಟ) ಮುಗಿಸಿ ಹತ್ತು ನಿಮಿಷ ಬಿಟ್ಟು ತಿರುಗಿ ಸ್ಟಾರ್ಟ್ ಮಾಡಾಕ ಹೋದ್ರ ಹಿಡಿಯೂದೇ ಇಲ್ರಿ. ಇಂಜಿನ್ ಮ್ಯಾಲಿನ ಸಣ್ಣ ಪೈಪಿನ್ಯಾಗ ಪೆಟ್ರೋಲ್ ಕುದ್ದು ಆವಿ ಆಗಿರ್ತದ. ಆಗ ಪ್ರೈಮ್ ಮಾಡಬಾರದು, ಅಂದ್ರ ಮೊದಲ ಪೆಟ್ರೋಲ್ ಹಾಯಿಸಬಾರದು, ಥ್ರಾಟಲ್ ತುಸು ತಗದು, ಪೆಟ್ರೋಲ್ ಹೆಚ್ಚು ಕಮ್ಮಿ ಮಾಡೂ ಮಿಕ್ಸ್ಚರ್ ಹಿಡಿಕಿ ಪೂರಾ ಹಿಂದ ಇಟ್ಟು ಸ್ಟಾರ್ಟರ್ ಹೊಡೀಬೇಕು, ಒಮ್ಮಿ ಫಟ್ ಅಂತ ಹಿಡೀತು ಅಂದ ಕೂಡ್ಲೇ ಮಿಕ್ಸ್ಚರ್ ಹಗೂರಕ ಮುಂದ ತಳ್ಳಬೇಕು. ಲಗೂನ ತಳ್ಳಿದ್ರ ಮುಳಗ್ತದ, ತಡಾ ಮಾಡಿದ್ರ ಸಾಯ್ತದ. ಪುಸ್ತಕದಾಗ ಓದಿ ಬರೂದಲ್ಲ ಇದು, ನಮ್ಮ ಇನ್‌ಸ್ಟ್ರಕ್ಟರ್ ಸರ್ ನನ್ನ ಕೈ ಮ್ಯಾಲ ತಮ್ಮ ಕೈ ಇಟ್ಟು ತೋರಿಸಿದ್ರು. ಅದಕ ಹೇಳ್ತೀನಿ ಅಣ್ಣಾರ, ಆ ವಿದ್ಯಾ ಪೂರ್ತಿ ಸತ್ತಿಲ್ಲ, ನಮ್ಮಂಥವರ ಕೈಯಾಗ ಸ್ವಲ್ಪರೆ ಉಳದೈತಿ.

ವಿಮಾನಪುರದ ಹುಡುಗ:

ಕೆಡೆಟ್ ತಮ್ಮಾ ನಿನ್ನ ಮಾತು ಕೇಳಿ ಕಣ್ಣು ತುಂಬಿ ಬಂತಪ್ಪ. ಏರ್‌ಮನ್ ಸಾರ್, ನಿಮಗೆ ಕೈ ಮುಗಿದೆ.

ಕಾಂಪ್ರೆಸರ್ ಬ್ಲೇಡ್ ಅವರೇ, ನೀವು ಹೇಳಿದ್ರಲ್ಲಿ ಒಂದಕ್ಷರಾನೂ ನಾನು ಇಲ್ಲ ಅನ್ನಲ್ಲ. ನಮ್ಮ ಮೊಮ್ಮಕ್ಕಳು ಹತ್ತೋ ವಿಮಾನದಲ್ಲಿ ಟರ್ಬೈನೇ ಇರಲಿ. ನನ್ನ ಸಂಕಟ ಬೇರೆ. 1951ರ ಆಗಸ್ಟಲ್ಲಿ ಎಚ್‌ಎಎಲ್‌ನ ಘಾಟಗೆಯವರು ಡಿಸೈನ್ ಮಾಡಿದ ಎಚ್‌ಟಿ-2 ಟ್ರೇನರ್ ವಿಮಾನ ಮೊದಲ ಸಲ ಹಾರಿದ್ದು ಇದೇ ಬೆಂಗಳೂರಿನ ಆಕಾಶದಲ್ಲಿ, ಆಮೇಲೆ ಅದಕ್ಕೆ ಹಾಕಿದ್ದು 155 ಹಾರ್ಸ್‌ಪವರಿನ ಸಿರಸ್ ಮೇಜರ್ ಇಂಜಿನ್ನು, ನಾಲ್ಕು ಸಿಲಿಂಡರು ತಲೆಕೆಳಗಾಗಿ ಕೂತಿರೋದು. ನಾವು ಕ್ವಾರ್ಟರ್ಸಲ್ಲಿ ಆಡ್ಕೊಂಡಿದ್ದಾಗ ದಿನಾ ತಲೆ ಮೇಲೆ ಹೋಗ್ತಿತ್ತು, ಸದ್ದಿನಲ್ಲೇ ಎಚ್‌ಟಿ-2ನಾ, ಪುಷ್ಪಕ್ ಅನ್ನೋ ಎಚ್‌ಎಎಲ್‌ನ ಇನ್ನೊಂದು ಪುಟ್ಟ ವಿಮಾನನಾ ಅಂತ ಹೇಳ್ತಿದ್ವಿ. ಎಚ್‌ಎಎಲ್ ಮ್ಯೂಸಿಯಂಗೆ ಹೋದ್ರೆ ಎಚ್‌ಟಿ-2 ನೋಡ್ಬಹುದು, ಚೆನ್ನಾಗಿ ಇಟ್ಟಿದಾರೆ. ಆದ್ರೆ ಅದನ್ನ ಓಡುವಂಗೆ ಇಟ್ಟುಕೊಂಡಿದ್ದ ಜನರ ಕೈಕೆಲಸ ಯಾವ ಗಾಜಿನ ಪೆಟ್ಟಿಗೇಲೂ ಇಲ್ಲ. ಆರ್-1830 ಪ್ರಪಂಚದಲ್ಲಿ 1,73,618 ತಯಾರಾಯ್ತಂತೆ, ಅಷ್ಟು ಸಂಖ್ಯೇಲಿ ಇನ್ಯಾವ ವಿಮಾನದ ಪಿಸ್ಟನ್ ಇಂಜಿನ್ನೂ ಆಗಿಲ್ಲ. ಅಷ್ಟರಲ್ಲಿ ಒಂದು ಇಂಜಿನ್ನಿನ ಮೇಲೆ ನೀರು ಚಿಮುಕಿಸಿ ನೋಡಿದ ಮನುಷ್ಯನ ಹೆಸರು ಎಲ್ಲಾದ್ರೂ ಇದೆಯಾ?

ಕಾಂಪ್ರೆಸರ್ ಬ್ಲೇಡ್:

ಸಾರ್ ಈಗ ನಿಮ್ಮ ಮಾತು ಪೂರ್ತಿ ಅರ್ಥ ಆಯ್ತು. ಒಂದು ವಿಷಯ ಹೇಳ್ಲಾ, ನಮ್ಮಲ್ಲೂ ಅದು ಇದೆ. ಟರ್ಬೈನ್ ಆಫ್ ಮಾಡಿದ ಮೇಲೆ ಒಳಗಿನ ರೋಟರು ತಾನೇ ನಿಧಾನಕ್ಕೆ ಸುತ್ತಿ ನಿಲ್ಲುತ್ತೆ, ಆ ಹೊತ್ತಲ್ಲಿ ಹತ್ತಿರ ನಿಂತು ಕಿವಿ ಕೊಡ್ತೀವಿ. ಸುಂಯ್ ಅಂತ ಒಂದೇ ದಾರ ಎಳೆದಂಗೆ ಇಳಿದ್ರೆ ಸರಿ, ನಡುವೆ ಸರಸರ ಅಂತ ಉಜ್ಜಿದ ಸದ್ದು ಬಂತು ಅಂದ್ರೆ ಬೋರೋಸ್ಕೋಪ್ (ತೂರಿಸಿ ನೋಡೋ ಸಣ್ಣ ಕ್ಯಾಮೆರಾ ನಳಿಕೆ) ತಗೊಂಡು ಒಳಗೆ ನೋಡಲೇಬೇಕು. ನಂಗೂ ಇದನ್ನ ಕಲಿಸಿದ್ದು ಒಬ್ಬ ಹಿರಿಯರು, ಮಾತಾಡಬೇಡ, ಸದ್ದು ಪೂರ್ತಿ ಸಾಯೋ ತನಕ ಕೇಳು ಅಂತ. ಅವರೂ ಪಿಸ್ಟನ್ ಕಾಲದವರೇ.

ಒಂದು ರಿಕ್ವೆಸ್ಟು. ನಿಮ್ಮ ತಂದೆಯವರನ್ನ ಕೇಳ್ತೀರಾ, ಪ್ರೊಪೆಲ್ಲರ್ ಎಳೆಯುವಾಗ ಕೆಳಗಿನ ಸಿಲಿಂಡರಲ್ಲಿ ಎಣ್ಣೆ ತುಂಬಿದೆ ಅಂತ ಹೇಗೆ ಗೊತ್ತಾಗ್ತಿತ್ತು? ಕಂಪ್ರೆಷನ್ ಬಂದಾಗಲೂ, ಅಂದ್ರೆ ಪಿಸ್ಟನ್ ಗಾಳಿ ಅದುಮುವಾಗಲೂ, ಕೈಗೆ ಬಿಗಿ ಅನ್ಸುತ್ತೆ, ಎಣ್ಣೆ ಸಿಕ್ಕಿದಾಗಲೂ ಬಿಗಿಯೇ. ವ್ಯತ್ಯಾಸ ಏನು?

ಬೆಳ್ಳಂದೂರು ಕೆರೆ ಏರಿ:

ಹೌದು ಸಾರ್ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಟೈಪ್ ಮಾಡೋ ಕೆಲಸ ನಂಗೆ ಬಿಡಿ, ಎಷ್ಟು ಗಂಟೆ ಆದ್ರೂ ಕೂತು ಮಾಡ್ತೀನಿ.

ವಿಮಾನಪುರದ ಹುಡುಗ:

ಭಾನುವಾರ ಸಂಜೆ ಕೇಳಿದೆ. ಮೊದಲು ಥ್ರೆಡ್ ಪೂರ್ತಿ ಓದಿ ಹೇಳಿದೆ, ಕಣ್ಣು ಮುಚ್ಚಿ ಕೇಳಿದ್ರು. ಪ್ಯಾಕೆಟ್ ಬೆನ್ನ ಮೇಲಿನ ಆರ್ಫಿಯಸ್ ಅಂದಾಗ ಕಣ್ಣು ಬಿಟ್ಟು, ಅದನ್ನ ಕೂರಿಸಿದ್ದು ನಂಗೆ ಗೊತ್ತು ಅಂದ್ರು. ಕಲಬುರಗಿ ಹುಡುಗನಿಗೆ ಒಳ್ಳೇ ಗುರು ಸಿಕ್ಕಿದಾನೆ ಅಂತ ಹೇಳು ಅಂದ್ರು.

2019ರ ಏರೋ ಇಂಡಿಯಾಗೆ ಅವರನ್ನ ಯಲಹಂಕಕ್ಕೆ ಕರ್ಕೊಂಡು ಹೋಗಿದ್ದೆ, ವಾಯುಪಡೆಯ ಡಕೋಟಾ ಬರುತ್ತೆ ಅಂತ, ಅದೇ ಪರಶುರಾಮ ಅಂತ ಹೆಸರಿಟ್ಟಿದ್ದಾರಲ್ಲ, ವಿಮಾನದ ನಂಬರ್ ವಿಪಿ 905, ರಾಜೀವ್ ಚಂದ್ರಶೇಖರ್ ಅವರು ಬ್ರಿಟನ್ನಿನಲ್ಲಿ ಸರಿ ಮಾಡಿಸಿ 2018ರಲ್ಲಿ ಕೊಟ್ಟಿದ್ದು. ಅವತ್ತು ಜೆಟ್‌ಗಳು ಬಂದಾಗೆಲ್ಲ ಜನ ಮೇಲೆ ನೋಡ್ತಿದ್ರು, ಡಕೋಟಾ ಬಂದಾಗ ಮಾತ್ರ ಅಪ್ಪಾಜಿ ತಲೆ ತಗ್ಗಿಸಿ ಕೂತಿದ್ರು. ಯಾಕೆ ನೋಡ್ತಿಲ್ಲ ಅಂದ್ರೆ ಕೇಳ್ತಿದೀನಿ ಕಣೋ ಅಂದಿದ್ರು. ಭಾನುವಾರ ಆ ವಿಡಿಯೋ ಮತ್ತೆ ಹಾಕಿ ತೋರಿಸಿದೆ, ಫೋನಿನ ಸದ್ದು ಸರಿ ಇಲ್ಲ ಆಫ್ ಮಾಡು ಅಂದ್ರು.

ಆಮೇಲೆ ಆ ಪ್ರಶ್ನೆ ಕೇಳಿದೆ. ತುಂಬಾ ಹೊತ್ತು ಸುಮ್ನಿದ್ರು. ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬ್ಲೇಡ್ ಹಿಡಿದಂಗೆ ಹಿಡಿದು ಕೆಳಕ್ಕೆ ಎಳೆದು ತೋರಿಸಿದ್ರು, ಹನ್ನೆರಡು ಬ್ಲೇಡ್ ಎಣಿಸ್ತಿದ್ವಿ ಅಂದ್ರು. ಕಂಪ್ರೆಷನ್ ಆದ್ರೆ ಕೈಗೆ ಸ್ಪ್ರಿಂಗ್ ಥರ, ಒತ್ತಿದ್ರೆ ಬಿಡುತ್ತೆ, ಬಿಟ್ರೆ ವಾಪಸ್ ತಳ್ಳುತ್ತೆ. ಎಣ್ಣೆ ಆದ್ರೆ ತಳ್ಳಲ್ಲ, ಬಿಡಲ್ಲ, ಸತ್ತಂಗೆ ನಿಂತುಬಿಡುತ್ತೆ. ಆಗ ಜೋರು ಮಾಡಬಾರದು, ಹಿಂದಕ್ಕೂ ತಿರುಗಿಸಬಾರದು, ಹಿಂದಕ್ಕೆ ತಿರುಗಿಸಿದ್ರೆ ಎಣ್ಣೆ ಗಾಳಿ ಒಳಗೆ ಬರೋ ಇನ್‌ಟೇಕ್ ಪೈಪಿಗೆ ಹೋಗಿ ಕೂತು, ಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಒಳಗೆ ಬಂದು ಕೆಡಿಸುತ್ತೆ. ಕೆಳಗಿನ ಪ್ಲಗ್ ಬಿಚ್ಚಿ ಸುರಿಸಬೇಕು, ಅಷ್ಟೇ.

ಆದ್ರೂ ಕೈಗೆ ಬಿಗಿ ಅನ್ನಿಸಿದ ಆ ಒಂದು ಕ್ಷಣದಲ್ಲಿ ಅದು ಯಾವುದು ಅಂತ ಹೆಂಗೆ ಗೊತ್ತಾಗೋದು ಅಪ್ಪಾಜಿ ಅಂತ ಮತ್ತೆ ಕೇಳಿದೆ. ನೀನು ನಮ್ಮೂರ ಬಾವೀಲಿ ನೀರು ಸೇದಿದೀಯಲ್ಲ, ಕೊಡ ತುಂಬಿದ್ಯೋ, ಕಲ್ಲಿಗೆ ಸಿಕ್ಕಿಕೊಂಡಿದ್ಯೋ, ಬಗ್ಗಿ ನೋಡ್ತಿದ್ಯಾ, ಹಗ್ಗ ಹಿಡಿದ ಕೈಗೆ ಗೊತ್ತಾಗ್ತಿರಲಿಲ್ವಾ ಅಂದ್ರು.

ರೆಕಾರ್ಡಿಂಗ್ ನಲವತ್ತು ನಿಮಿಷ ಬಂದಿದೆ, ಇನ್ನೂ ಕಾರ್ಬುರೇಟರ್ ತನಕಾನೂ ಹೋಗಿಲ್ಲ. ಮುಂದಿನ ಭಾನುವಾರಕ್ಕೆ ಏನೇನು ಕೇಳ್ಬೇಕೋ ಇಲ್ಲಿ ಹಾಕಿ.